ಮೇಲಕ್ಕೆ ಕಳಿಸಿದ್ದು

ಚಳಿ ಮುಗಿದಿತ್ತು, ಬಿಸಿಲು ಇನ್ನೂ ಮನಸ್ಸು ಮಾಡಿರಲಿಲ್ಲ. ಹಾಲಿನವನು ಬಂದು ಹೋಗಿ ಪೇಪರಿನವನು ಬರುವ ಮೊದಲಿನ ಹೊತ್ತು. ಟಿವಿಯ ಕೆಳಗಿನ ಗೂಡಿನಲ್ಲಿ ಕೂತಿದ್ದ ಕಪ್ಪು ಡಬ್ಬಿ ಕಟಕ್ ಎಂದದ್ದು ಆಗ. ಮನೆಯಲ್ಲಿ ಎದ್ದಿದ್ದವನು ದರ್ಜಿ ಒಬ್ಬನೇ. ಅಂಗಡಿ ಮುಚ್ಚಿ, ಹೆಂಡತಿಯನ್ನೂ ಕತ್ತರಿಯನ್ನೂ ಕರಕೊಂಡು ಮಗಳ ಮನೆಗೆ ಬಂದ ಮೇಲೆ ಅವನಿಗೆ ನಿದ್ದೆ ಬೇಗ ಬಿಟ್ಟುಹೋಗುತ್ತಿತ್ತು. ಎದ್ದರೂ ಮಾಡಲು ಕೆಲಸವಿಲ್ಲ, ಪಾತ್ರೆ ಸದ್ದು ಮಾಡಿದರೆ ಅಳಿಯಂದಿರು ಎದ್ದುಬಿಡುತ್ತಾರೆ ಎಂದು ಕುರ್ಚಿಯ ತುದಿಯಲ್ಲಿ ನೆಂಟನ ಹಾಗೆ ಕೂತಿರುತ್ತಿದ್ದ. ಕಟಕ್. ಸ್ವಲ್ಪ ಬಿಟ್ಟು ಇನ್ನೊಂದು ಕಟಕ್. ಸೂಜಿ ಸೊಟ್ಟಗಾಗಿ ಕೆಳಗಿನ ತಗಡಿಗೆ ಬಡಿದರೆ ಹೊಲಿಗೆ ಮಿಷನ್ನು ಹೀಗೇ ಅನ್ನುತ್ತದೆ. ಆ ಸದ್ದಿಗೆ ಅವನ ಪಾದಗಳು ತಾವಾಗಿ ನಿಲ್ಲುತ್ತಿದ್ದವು; ಈಗಲೂ ನಿಂತವು, ಏನನ್ನೂ ತುಳಿಯುತ್ತಿರದ ಎರಡು ಪಾದ. ಡಬ್ಬಿಗೆ ಏನೋ ಆಗಿದೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಹೇಳಬೇಕು ಎನ್ನುವುದೂ ಗೊತ್ತಾಯಿತು. ಪೇಪರಿನವನು ಬಂದ, ಅಳಿಯ ಎದ್ದರು, ಮಗಳು ಎದ್ದಳು, ಮೊಮ್ಮಗಳು ಒಂದು ಕಾಲುಚೀಲಕ್ಕಾಗಿ ಮನೆಯೆಲ್ಲ ಅಳುತ್ತ ಓಡಾಡಿದಳು, ದರ್ಜಿ ಹೇಳಲಿಲ್ಲ. ಮರುದಿನ ಇನ್ನೂ ಜೋರಾಗಿ ಬಡಿಯಿತು, ಆಗಲೂ ಹೇಳಲಿಲ್ಲ.

ಆ ಡಬ್ಬಿಯೊಳಗೆ ಮನೆಯವರೆಲ್ಲ ಇದ್ದರು. ಫೋನಿನಲ್ಲಿ ತೆಗೆದದ್ದೆಲ್ಲ ತಂತಾನೇ ಬಂದು ಅದರೊಳಗೆ ಬೀಳುವ ಹಾಗೆ ಅಳಿಯ ಮಾಡಿಟ್ಟಿದ್ದರು. ಟಿವಿ ಹಾಕಿ ರಿಮೋಟಿನ ಗುಂಡಿ ಒತ್ತಿದರೆ ವರ್ಷವಾರು ಸಾಲಾಗಿ ಬರುತ್ತಿದ್ದವು. ಮೊಮ್ಮಗಳು ಹುಟ್ಟಿದ ದಿನದ ಕೆಂಪು ಮುಖ, ಮನೆ ಬದಲಾಯಿಸುವಾಗ ಲಾರಿಯಲ್ಲಿ ಬಿಟ್ಟುಬಂದ ಬೀರು, ಸಾಲು ಸಾಲು ಊಟದ ತಟ್ಟೆಗಳು. ಎಲ್ಲದಕ್ಕಿಂತ ಮೊದಲು ಮಗಳ ಮದುವೆ. ಆ ಮದುವೆಯೊಳಗೆ ಒಂದು ತುಣುಕು ಇತ್ತು. ಅದು ಇಷ್ಟೇ: ಮದುಮಗ ಸಹಿ ಹಾಕಲು ಹೋಗುತ್ತಾನೆ, ಪೆನ್ನು ಜಾರಿ ಬೀಳುತ್ತದೆ, ಎತ್ತಿಕೊಳ್ಳಲು ಬಗ್ಗುತ್ತಾನೆ, ಟರ್ರ್. ಕೋಟಿನ ಬೆನ್ನು ಕತ್ತಿನಿಂದ ಸೊಂಟದವರೆಗೆ ಎರಡು ಪಾಲು. ಒಳಗಿನ ಬಿಳಿ ಶರ್ಟು ಬಾಯಿ ತೆರೆದ ಹಾಗೆ ಹೊರಗೆ ಬರುತ್ತದೆ. ಜನ ನಗುತ್ತಾರೆ. ಆ ಕೋಟು ಹೊಲಿದವನು ಹುಡುಗಿಯ ಅಪ್ಪ ಎಂದು ಛತ್ರದಲ್ಲಿ ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳುತ್ತಿರುವುದು ಕೂಡ ನಗುವಿನ ನಡುವೆ ಕೇಳಿಸುತ್ತದೆ ಎಂದು ದರ್ಜಿಯ ನಂಬಿಕೆ. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗೆ ಬರುವ ಮೊದಲೇ ಮೊಮ್ಮಗಳು ಟಿವಿಯ ಮುಂದೆ ನಿಂತು "ಟರ್ರ್ ಹಾಕಿ, ಟರ್ರ್ ಹಾಕಿ" ಎನ್ನುತ್ತಿದ್ದಳು. ಹಾಕುತ್ತಿದ್ದರು. ನಗುತ್ತಿದ್ದರು. ಬಂದವರು ಅವನ ಕಡೆ ತಿರುಗಿ "ನೀವೇನಾ ಹೊಲಿದದ್ದು?" ಎಂದರೆ "ನಾನೇ" ಎಂದು ಅವನೂ ನಗುತ್ತಿದ್ದ. ನಕ್ಕು ನಕ್ಕು ಅವನ ಕೆನ್ನೆಗೆ ಆ ನಗು ಸವೆದ ಕಾಲರಿನ ಹಾಗೆ ಹೊಂದಿಕೊಂಡುಬಿಟ್ಟಿತ್ತು.

ಗಿರಾಕಿಯ ಮೈಯನ್ನು ನಿಂತಾಗ ನಂಬಬಾರದು ಎನ್ನುವುದು ಅವನ ಗುರು ಹೇಳಿಕೊಟ್ಟ ಮೊದಲ ಪಾಠ. ಕನ್ನಡಿ ಮುಂದೆ ನಿಂತ ಗಂಡಸು ಹೊಟ್ಟೆ ಒಳಗೆ ಎಳಕೊಳ್ಳುತ್ತಾನೆ, ಸುಳ್ಳು ಹೇಳಬೇಕೆಂದಲ್ಲ, ತನಗೇ ತಾನು ಮರ್ಯಾದೆ ಕೊಟ್ಟುಕೊಳ್ಳುತ್ತಾನೆ. ಅಂಥವನನ್ನು ಮಾತಿಗೆಳೆಯಬೇಕು. ಮಳೆ ಹೇಗೆ, ಬಾಡಿಗೆ ಹೇಗೆ, ಮಾವನ ಮನೆಯವರು ಹೇಗೆ. ಮಾವನ ಮನೆಯ ಮಾತು ಬಂತೆಂದರೆ ಎಂಥವನ ಹೊಟ್ಟೆಯೂ ಹೊರಗೆ ಬರುತ್ತದೆ, ಆಗ ಟೇಪು ಹಾಕಬೇಕು. ಆದರೆ ಮದುವೆಯ ಕೋಟಿಗೆ ಅಳತೆ ತೆಗೆದ ದಿನ ಎದುರಿಗೆ ನಿಂತವನಿಗೆ ಮಾವನ ಮನೆಯೆಂದರೆ ಇವನೇ. ಏನೆಂದು ಕೇಳುವುದು? ಮದುಮಗ ಉಸಿರು ಕಟ್ಟಿ ಕಂಬದ ಹಾಗೆ ನಿಂತಿದ್ದರು, ಇವನು ಟೇಪಿಗೆ ಬಂದಷ್ಟು ಬರೆದುಕೊಂಡ. ಮೈಗೆ ಬಣ್ಣ ಬಳಿದ ಹಾಗೆ ಕೂರಲಿ ಎಂದು ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆಯನ್ನೂ ಬಿಡಲಿಲ್ಲ. ಇದನ್ನು ಯಾರಿಗೆ ಹೇಳುವುದು? 'ಅಳಿಯಂದಿರೇ, ಆಗ ನಿಮ್ಮ ಹೊಟ್ಟೆ' ಎಂದು ಶುರುಮಾಡಿದರೆ ಆ ವಾಕ್ಯಕ್ಕೆ ಮರ್ಯಾದೆಯ ಕೊನೆಯೇ ಇಲ್ಲ. ಅದೂ ಅವರ ಮನೆಯ ಕುರ್ಚಿಯಲ್ಲಿ ಕೂತು. ಹಾಗಾಗಿ ಡಬ್ಬಿ ಕಟಕ್ ಎಂದಾಗ ಅವನಿಗೆ ಮೊದಲು ಬಂದ ಯೋಚನೆ ಅಯ್ಯೋ ಎಂಬುದಲ್ಲ. ಸಾಯಲಿ ಎಂಬುದು. ಅದರ ಹಿಂದೆಯೇ ಮೊಮ್ಮಗಳ ಕೆಂಪು ಮುಖ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಒಂದೇ ಡಬ್ಬಿಯಲ್ಲಿ ಎಲ್ಲವನ್ನೂ ಹಾಕಿಡುವುದು ಎಂಥ ಬುದ್ಧಿ?

ಕೊನೆಗೆ ಆ ಕಟಕ್ ಅಳಿಯನ ಕಿವಿಗೇ ಬಿತ್ತು. ಆ ಸಂಜೆ ಊಟದ ಮೇಜಿನ ಮುಂದೆ ಅವರು ಫೋನು ಉಜ್ಜುತ್ತ ಹೇಳಿದರು, "ಒಳಗೆ ಎರಡು ಡಿಸ್ಕು ಇದೆ, ಒಂದು ಹೋಗ್ತಾ ಇದೆ. ಹೊಸದು ತರಿಸ್ತೀನಿ. ಆದ್ರೆ ಮನೆಗೇ ಏನಾದ್ರೂ ಆದ್ರೆ ಎರಡಿದ್ದೂ ಏನು ಬಂತು? ಕ್ಲೌಡಿಗೆ ಒಂದು ಪ್ರತಿ ಹಾಕಿಬಿಡೋಣ."

"ಹಾಗಂದ್ರೆ?" ಎಂದಳು ದರ್ಜಿಯ ಹೆಂಡತಿ.

"ಮೋಡ ಅಮ್ಮ," ಮಗಳು ಹೇಳಿದಳು. "ಇಲ್ಲಿರೋದನ್ನೆಲ್ಲ ಮೇಲಕ್ಕೆ ಕಳಿಸೋದು. ಇಲ್ಲಿದು ಹೋದ್ರೂ ಅಲ್ಲಿ ಇರುತ್ತೆ."

"ಅದು ಎಲ್ಲರಿಗೂ ಗೊತ್ತಿರೋ ವಿಷಯಾನೇ ಅಲ್ವಾ," ಎಂದು ಹೆಂಡತಿ ತಟ್ಟೆ ಎತ್ತಿಟ್ಟಳು.

ಕಂಪನಿಗಳು ಬೇಕಾದಷ್ಟು ಇದ್ದವಂತೆ, ಸೋಸಿ ಸೋಸಿ ಮೂರು ಉಳಿದಿದ್ದವು. ಒಂದು ಕನ್ನಡಿ ಇದ್ದ ಹಾಗೆ: ಡಬ್ಬಿಯಲ್ಲಿ ಏನಿದೆಯೋ ಮೇಲೂ ಅದೇ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಇನ್ನೊಂದು ಯಾವತ್ತೂ ಮರೆಯದ್ದು: ಒಂದು ಸಲ ಹೋಯಿತೆಂದರೆ ಹೋಯಿತು, ಇಲ್ಲಿ ಏನೇ ಅಳಿಸಿಕೊಳ್ಳಿ, ಅಲ್ಲಿ ಇದ್ದೇ ಇರುತ್ತದೆ. ಮೂರನೆಯದಕ್ಕೆ ನಾವೇ ಬೀಗ ಹಾಕಬೇಕು, ಕಂಪನಿಯವರೂ ನೋಡಲಾರರು. ಆದರೆ ಕೀ ಮರೆತರೆ ದೇವರೂ ತೆಗೆಯಲಾರ. ಮಗಳಿಗೆ ಆ ಬೀಗದ ಕಂಪನಿಯೇ ಆಗಬೇಕು, ಮಗುವಿನ ಫೋಟೋ ಕಂಡವರೆಲ್ಲ ಯಾಕೆ ನೋಡಬೇಕು ಎಂದು. ಅಳಿಯನಿಗೆ ಮರೆಯದ್ದು ಬೇಕು.

"ಬೀಗರ ಕಂಪನಿನಾ?" ಹೆಂಡತಿ ಅಡುಗೆಮನೆಯಿಂದ ಕೇಳಿದಳು. "ಅವರಿಗ್ಯಾಕೆ ನಮ್ಮ ಫೋಟೋ ಕೊಡೋದು?"

"ಬೀಗರದಲ್ಲಮ್ಮ. ಬೀಗದ್ದು."

"ಎರಡೂ ಒಂದೇ. ಸುಲಭವಾಗಿ ತೆಗಿಯೋಕೆ ಬರಲ್ಲ."

ಅಳಿಯ ನಕ್ಕರು. ಗಂಡಹೆಂಡಿರ ಮಾತು ಅತ್ತಿತ್ತ ಹೋಗಿ ಬಿಸಿಯಾಗತೊಡಗಿತು. 'ನೀನು ಇರೋ ಬೀಗದ ಕೈನೇ ವಾರಕ್ಕೊಂದು ಸಲ ಹುಡುಕ್ತೀಯ' ಎಂದು ಅವರು, 'ನೀವು ಇರೋ ಹೆಂಡತಿ ಹುಟ್ಟುಹಬ್ಬಾನೇ ಮರೀತೀರಿ, ಮರೆಯದ ಕಂಪನಿ ಬೇಕಾ' ಎಂದು ಇವಳು. ಆಗ ಅಳಿಯ ಮಾತು ಮುಗಿಸಲು ಈ ಕಡೆ ತಿರುಗಿ, "ದೊಡ್ಡವರು, ನೀವೇ ಹೇಳಿ ಮಾವ," ಎಂದರು. ಬಾಗಿಲಲ್ಲಿ ನಿಂತವರಿಗೆ 'ಊಟ ಮಾಡ್ಕೊಂಡು ಹೋಗಿ' ಎನ್ನುವಂಥ ಮಾತು ಅದು. 'ಅಯ್ಯೋ ಆಯ್ತು ಆಯ್ತು' ಎನ್ನುವುದೇ ಅದಕ್ಕೆ ಉತ್ತರ. ದರ್ಜಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೂ ಬಾಯಿಂದ "ನಾಳೆ ಹೇಳ್ತೀನಿ" ಎಂದು ಬಂದುಬಿಟ್ಟಿತು. ಬಾಗಿಲಲ್ಲಿ ನಿಂತಿದ್ದವನು ಚಪ್ಪಲಿ ಬಿಟ್ಟು ಒಳಗೆ ಬಂದು ಎಲೆಯ ಮುಂದೆ ಕೂತ ಹಾಗಾಯಿತು. ಮೂವರೂ ಅವನನ್ನು ನೋಡಿದರು. ಅವನು ನೀರು ಕುಡಿದ.

ಮರುದಿನ ಮನೆ ಖಾಲಿಯಾದ ಮೇಲೆ, ಹೆಂಡತಿ ತರಕಾರಿಗೆ ಹೋದ ಹೊತ್ತಿನಲ್ಲಿ, ಅಳಿಯ ಬರೆದಿಟ್ಟಿದ್ದ ನಂಬರಿಗೆ ಫೋನು ಮಾಡಿದ. ಮರೆಯದ ಕಂಪನಿಯವರು ಹಾಡು ಕೇಳಿಸಿದರು, ಬಹಳ ಹೊತ್ತು ಕೇಳಿಸಿದರು. ಅವನಿಗೆ ತನ್ನ ಅಂಗಡಿಯಲ್ಲಿ ಟ್ರಯಲ್ಲಿಗೆ ಬಂದು ಬೆಂಚಿನ ಮೇಲೆ ಕಾಯುತ್ತಿದ್ದವರು ನೆನಪಾದರು, 'ಇದೋ ಆಯ್ತು, ಗುಂಡಿಗೆ ಕಾಜಾ ಒಂದು ಬಾಕಿ' ಎಂದು ತಾನು ಹೇಳುತ್ತಿದ್ದ ಸುಳ್ಳುಗಳು ನೆನಪಾದವು. ಅವರೆಲ್ಲರ ಶಾಪ ಈಗ ಈ ಹಾಡಾಗಿ ಬಂದಿದೆ ಎಂದುಕೊಂಡು ಇಟ್ಟುಬಿಟ್ಟ. ಕನ್ನಡಿ ಕಂಪನಿಯಲ್ಲಿ ಒಬ್ಬ ಹುಡುಗಿ ಎತ್ತಿದಳು. ದನಿಯಲ್ಲಿ ನೆಗಡಿ ಇತ್ತು.

"ನಮಸ್ಕಾರ ಸರ್, ಏನು ಸಹಾಯ ಮಾಡಲಿ?"

"ಅಮ್ಮಾ, ಇಲ್ಲಿ ಮನೇಲಿ ಅಳಿಸಿದ್ರೆ ನಿಮ್ಮ ಹತ್ರಾನೂ ಅಳಿಸಿಹೋಗುತ್ತಂತೆ. ನಿಜವಾ?"

"ಹೌದು ಸರ್. ದಯವಿಟ್ಟು ಕ್ಷಮಿಸಿ. ನಮ್ಮದು ಹಾಗೇ ಇರೋದು."

"ಕ್ಷಮಿಸೋದು ಯಾಕಮ್ಮ? ಒಳ್ಳೇದೇ ಆಯ್ತಲ್ಲ. ಪೂರ್ತಿ ಹೋಗುತ್ತಾ?"

ಹುಡುಗಿ ಒಂದು ಸಲ ಮೂಗೆಳೆದುಕೊಂಡಳು. ಇಂಥ ಗಿರಾಕಿ ಅವಳಿಗೆ ಸಿಕ್ಕಿರಲಿಕ್ಕಿಲ್ಲ. "ಇಲ್ಲ ಸರ್, ಗಾಬರಿ ಆಗಬೇಡಿ, ಒಂದು ತಿಂಗಳು ನಮ್ಮ ಕಸದ ಬುಟ್ಟೀಲಿ ಇಟ್ಟಿರ್ತೀವಿ. ಅಷ್ಟರೊಳಗೆ ಕೇಳಿದ್ರೆ ವಾಪಸ್ ಬರುತ್ತೆ."

"ಕೇಳದೇ ಇದ್ರೆ?"

"ಆಮೇಲೆ ಪೂರ್ತಿ ಹೋಗುತ್ತೆ ಸರ್. ಸಾರಿ."

"ಬಿಸಿನೀರು ಕುಡಿಯಮ್ಮ, ಗಂಟಲು ಕಟ್ಟಿದೆ ನಿಂಗೆ," ಎಂದು ಇಟ್ಟ. ಒಂದು ತಿಂಗಳು ಜಾಸ್ತಿಯಾಯಿತು ಅನಿಸಿತು. ಆದರೆ ಕೊಟ್ಟ ಬಟ್ಟೆ ಹದಿನೈದು ದಿನ ತಡಮಾಡಿದ ತಾನು ಯಾವ ಬಾಯಲ್ಲಿ ಹೇಳುವುದು?

ಸಂಜೆ ಎಲ್ಲರೂ ಮೇಜಿಗೆ ಬಂದಾಗ ಅವನು ಗಂಟಲು ಸರಿಮಾಡಿಕೊಂಡ. "ಕನ್ನಡಿದೇ ಆಗಲಿ. ಮನೇಲಿ ಹೇಗಿದೆಯೋ ಮೇಲೂ ಹಾಗೇ ಇರಬೇಕು. ಇಲ್ಲಿ ಇಲ್ಲದ್ದು ಅಲ್ಲಿ ಯಾಕೆ?" ಎಂದ. ಅಳಿಯ ತಲೆದೂಗಿದರು. "ಮಾವನ ಮಾತಲ್ಲಿ ತೂಕ ಇದೆ ಕಣೇ," ಎಂದು ಮಗಳಿಗೆ ಹೇಳಿದರು, ಅವಳ ಬೀಗ ತಪ್ಪಿತಲ್ಲ ಎನ್ನುವ ಸಂತೋಷಕ್ಕೆ ತಮ್ಮ ಮರೆಯದ್ದನ್ನೂ ಬಿಟ್ಟುಕೊಟ್ಟು. ಮಗಳು ಮಾತ್ರ "ಅಪ್ಪಾ, ನಿಂಗೆ ಇದೆಲ್ಲ ಯಾವಾಗ ಅರ್ಥ ಆಯ್ತು?" ಎಂದು ಅವನನ್ನು ವಾರೆಗಣ್ಣಿನಲ್ಲಿ ನೋಡಿದಳು. ಚಿಕ್ಕಂದಿನಲ್ಲಿ ಅಂಗಡಿಯ ಮೂಲೆಯಲ್ಲಿ ಚಿಂದಿ ಆರಿಸುತ್ತ ಕೂತು ಗಿರಾಕಿಗಳಿಗೆ ಅಪ್ಪ ಹೇಳುವ ಸುಳ್ಳುಗಳನ್ನೆಲ್ಲ ಕೇಳಿದವಳು ಅವಳು; ಸುಳ್ಳು ಹೇಳುವಾಗ ಅವನು ಹೆಬ್ಬೆರಳಿನಿಂದ ತೋರುಬೆರಳ ತುದಿ ಉಜ್ಜುತ್ತಾನೆ ಎಂದು ಅವಳಿಗೆ ಗೊತ್ತು. ಅವನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಅಂದಿನಿಂದ ಮನೆಯಲ್ಲಿ ಮಾತಿನ ರೀತಿಯೇ ಬೇರೆಯಾಯಿತು. ನೆಟ್ಟು ನಿಧಾನ, ಎಲ್ಲ ಒಂದೇ ಸಲ ಹೋಗುವುದಿಲ್ಲ, ಮೊದಲಿನ ವರ್ಷದಿಂದ ಒಬ್ಬೊಬ್ಬರಾಗಿ ಹೋಗಬೇಕು. ಟಿವಿಯ ಮೂಲೆಯಲ್ಲಿ ಒಂದು ಹಸಿರು ಗೆರೆ ಇಂಚಿಂಚಾಗಿ ತೆವಳುತ್ತಿತ್ತು. ಎದ್ದವರು "ಯಾರು ಹೋದ್ರು?" ಎನ್ನುವರು, "ಮದುಮಗ ಹೋದ್ರು, ಹುಡುಗಿ ಹೋಗ್ತಾ ಇದ್ದಾಳೆ" ಎಂದು ಇನ್ನೊಬ್ಬರು. ಮದುವೆಯ ದಿನದ್ದೆಲ್ಲ ಮೊದಲ ಸಂಜೆಯೇ ಮೇಲೆ ಹೋಗಿತ್ತು. ಟರ್ರ್ ಕೂಡ ಹೋಗಿತ್ತು. ಮರುದಿನ ಮಧ್ಯಾಹ್ನ ಹೆಂಡತಿ ಮಲಗಿದ್ದಳು. ದರ್ಜಿ ಟಿವಿಯ ಸದ್ದು ಪೂರ್ತಿ ಇಳಿಸಿ, ಸಾಲಿನಲ್ಲಿ ಆ ತುಣುಕಿನ ಮೇಲೆ ನಿಂತು, ಮೊಮ್ಮಗಳು ತೋರಿಸಿಕೊಟ್ಟಿದ್ದ ಹಾಗೆ ಗುಂಡಿಯನ್ನು ಒತ್ತಿ ಹಿಡಿದ. 'ಅಳಿಸಲೇ?' ಎಂದು ಟಿವಿ ಕೇಳಿತು. ಎಷ್ಟು ವಿನಯ. ಕತ್ತರಿಸಲೇ ಎಂದು ತಾನೂ ಗಿರಾಕಿಯನ್ನು ಕೇಳುತ್ತಿದ್ದ, ಸೀಮೆಸುಣ್ಣದ ಗೆರೆ ಎಳೆದಾದ ಮೇಲೂ ಒಂದು ಸಲ ಕೇಳುತ್ತಿದ್ದ, ಕತ್ತರಿ ಆಡಿದ ಮೇಲೆ ಬಟ್ಟೆ ಕೂಡುವುದಿಲ್ಲ. ಚಿಕ್ಕ ಚಿತ್ರದಲ್ಲಿ ಮದುಮಗನ ಬೆನ್ನು ಇನ್ನೂ ಇಡಿಯಾಗಿತ್ತು. ಅವನು 'ಹೌದು' ಒತ್ತಿದ. ತುಣುಕು ಹೋಯಿತು, ಆಚೆಗಿದ್ದದ್ದು ಪಕ್ಕಕ್ಕೆ ಸರಿದು ಅದರ ಜಾಗದಲ್ಲಿ ಕೂತಿತು, ಬಸ್ಸಿನಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಸರಿದು ಕೂರುವ ಹಾಗೆ. ಹಗುರಾಗಬೇಕಿತ್ತು. ಆಗಲಿಲ್ಲ. ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆದ, ತೊಳೆದವನ್ನೇ ಮತ್ತೆ ತೊಳೆದ. ಸಂಜೆ ಮೊಮ್ಮಗಳು ಟರ್ರ್ ಕೇಳಿದರೆ ಏನು ಹೇಳುವುದೆಂದು ಮಾತು ಕೂಡಿಸಿಕೊಂಡು ಕೂತಿದ್ದ. ಅವಳು ಕೇಳಲೇ ಇಲ್ಲ. ಅವಳಿಗೆ ಒಂದು ಹೊಸ ಬಲೂನು ಸಿಕ್ಕಿತ್ತು.

ಇದಾಗಿ ಒಂದೆರಡು ದಿನಕ್ಕೆ, ಬೆಳಗಿನ ಹನ್ನೊಂದರ ಸುಮಾರಿಗೆ, ಬೀಗಿತ್ತಿಯ ಫೋನು ಬಂತು. ಅಳಿಯನ ತಾಯಿ. ಗಂಡ ತೀರಿಕೊಂಡ ಮೇಲೆ ಮಗ ಎಷ್ಟು ಕರೆದರೂ ಬರದೆ ಬಸ್ಸಿಗೆ ಎರಡು ಗಂಟೆ ದೂರದ ತಮ್ಮ ಮನೆಯಲ್ಲೇ ಇದ್ದರು. ಮಾತು ಕಮ್ಮಿ. ಮದುವೆಯಾದಂದಿನಿಂದ ಅವರೆದುರಿಗೆ ದರ್ಜಿ ಸರಿಯಾಗಿ ತಲೆ ಎತ್ತಿದವನಲ್ಲ. ಟಿವಿಯಲ್ಲಿ ಟರ್ರ್ ಬಂದಾಗ ನಗದೆ ಇರುತ್ತಿದ್ದವರು ಅವರೊಬ್ಬರೇ, ಆ ನಗದಿರುವುದೇ ಇವನಿಗೆ ಎಲ್ಲರ ನಗುವಿಗಿಂತ ಚುಚ್ಚುತ್ತಿತ್ತು.

"ಬೀಗರೇ, ನನ್ನ ಮಗ ಫೋನೇ ಎತ್ತುತ್ತಿಲ್ಲ. ಆಗ್ಲೇ ಹೋದ್ನಾ?"

ದರ್ಜಿಯ ಕಣ್ಣು ಹಸಿರು ಗೆರೆಯ ಮೇಲಿತ್ತು. ಅಳಿಯ ತಾಯಿಗೆ ಎಲ್ಲ ಹೇಳಿರಬೇಕು ಅಂದುಕೊಂಡ. "ಓ, ಅವರು ಮೊನ್ನೆ ಸಂಜೆನೇ ಮೇಲಕ್ಕೆ ಹೋದ್ರಲ್ಲ," ಎಂದ.

"ಏನಂದ್ರಿ?"

"ಮೊದಲು ಅವರನ್ನೇ ಕಳಿಸಿದ್ವಿ. ಏನೂ ತೊಂದ್ರೆ ಆಗಲಿಲ್ಲ, ಸಲೀಸಾಗಿ ಹೋದ್ರು. ನಮ್ಮ ಮಗಳೇ ಅರ್ಧಕ್ಕೆ ನಿಂತಿದ್ದಾಳೆ. ಮಗು ನಾಳೆ ನಾಡಿದ್ದರಲ್ಲಿ ಹೋಗಬಹುದು." ಬೀಗಿತ್ತಿ ಮಾತಾಡದ್ದು ನೋಡಿ ತಮ್ಮನ್ನು ಬಿಟ್ಟರೆಂದು ಬೇಜಾರಾಗಿರಬೇಕು ಎಂದು ಹೊಳೆಯಿತು. "ನಿಮ್ಮದೂ ಇದೆ, ಯೋಚನೆ ಮಾಡಬೇಡಿ. ಯಾರನ್ನೂ ಉಳಿಸಲ್ಲ," ಎಂದ.

ಏನೋ ಬಿದ್ದ ಸದ್ದಾಗಿ ಫೋನು ಕಟ್ಟಾಯಿತು. ಆ ಕಡೆ ಸಿಗ್ನಲ್ಲು ಸರಿಯಿಲ್ಲ ಎಂದುಕೊಂಡು ಅವನು ಕಾಫಿಗೆ ನೀರಿಟ್ಟ.

ಮಧ್ಯಾಹ್ನ ಮನೆ ಮುಂದೆ ಬಾಡಿಗೆ ಕಾರು ನಿಂತಾಗ ಮಗಳ ಜೊತೆ ಅಳಿಯ ಊಟಕ್ಕೆಂದು ಬಂದಿದ್ದರು. ಅಂದು ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟುಹೋಗಿದ್ದರು. ಅದು ಸೋಫಾದ ಸಂದಿಯಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಬಾಯಿಯಲ್ಲಿ ಬ್ರೆಡ್ಡಿನ ಚೂರು ಕಚ್ಚಿಕೊಂಡೇ ಹೋಗಿ ಬಾಗಿಲು ತೆಗೆದರು. ಹೊರಗೆ ಅವರ ತಾಯಿ. ತಲೆ ಬಾಚಿಲ್ಲ, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಪಕ್ಕದ ಮನೆಯವರದ್ದು.

"ಬದುಕಿದ್ದೀಯೇನೋ?"

"ಇದ್ದೀನಮ್ಮ. ಯಾಕೆ?"

ಬೀಗಿತ್ತಿ ಮಗನ ಬೆನ್ನಿಗೆ ಫಳೀರನೆ ಒಂದು ಕೊಟ್ಟರು. ಬ್ರೆಡ್ಡು ಬಿತ್ತು. ಆಮೇಲೆ ಹೊಸ್ತಿಲ ಮೇಲೇ ಕೂತು ಅತ್ತರು. ಆಮೇಲೆ ನೀರು ಕೇಳಿದರು. ಕುಡಿದು ಲೋಟ ಇಟ್ಟು, "ಬೀಗರು ಹೇಳಿದ್ರು, ನೀನು ಮೊನ್ನೆನೇ ಹೋದೆ ಅಂತ. ಸಲೀಸಾಗಿ ಹೋದೆ ಅಂತ. ಮಗೂನೂ ಕಳಿಸ್ತೀವಿ ಅಂದ್ರು," ಎಂದರು. ಎಲ್ಲರೂ ದರ್ಜಿಯ ಕಡೆ ತಿರುಗಿದರು. ಅವನು ಗೋಡೆಗೆ ಒರಗಿ ನಿಂತಿದ್ದ, ಗೋಡೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬಾರದೇ ಎಂದುಕೊಳ್ಳುತ್ತ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು, "ಊರವರಿಗೆಲ್ಲ ಕಾಜಾ ಮಾಡಿ ಗುಂಡಿ ಹಾಕಿದ್ರಿ. ನಿಮ್ಮ ಬಾಯಿಗೆ ಒಂದು ಹಾಕ್ಕೊಳ್ಳೋಕೆ ಆಗಲಿಲ್ವಾ?" ಅಳಿಯ ನಗು ತಡೆಯಲಾರದೆ ನೆಲಕ್ಕೆ ಕುಸಿದರು. ಅವರನ್ನು ನೋಡಿ ಮಗಳು, ಕೊನೆಗೆ ಬೀಗಿತ್ತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಅವರು ನಕ್ಕದ್ದನ್ನು ದರ್ಜಿ ಅದೇ ಮೊದಲು ನೋಡಿದ್ದು. ಮುಗಿಯಿತು, ಇನ್ನು ಟರ್ರ್ ಇಲ್ಲದಿದ್ದರೂ ಇದೊಂದು ಸಾಕು ಇವರಿಗೆ ಹತ್ತು ವರ್ಷ ಎಂದುಕೊಂಡ.

ಕ್ಲೌಡು, ಡಬ್ಬಿ, ಹಸಿರು ಗೆರೆ ಎಲ್ಲವನ್ನೂ ವಿವರಿಸಿಯಾಯಿತು. ಬೀಗಿತ್ತಿ ತಲೆಯಾಡಿಸುತ್ತ ಕೇಳಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಅವರೂ ಹೋಗಿದ್ದಾರಾ?" ಎಂದರು. ಅವರೆಂದರೆ ಅವರ ಗಂಡ, ದೊಡ್ಡ ಬೀಗರು. "ಅವರು ಹೋಗಿ ಮೂರು ವರ್ಷ ಆಯ್ತಲ್ಲಮ್ಮ," ಎಂದುಬಿಟ್ಟು ಅಳಿಯ ನಾಲಿಗೆ ಕಚ್ಚಿದರು. "ಅದಲ್ವೋ. ಇದರಲ್ಲಿ. ಅವರದ್ದು ಫೋಟೋ ಬೇಕಾದಷ್ಟಿದೆ, ಎಲ್ಲಾದ್ರಲ್ಲೂ ಗೂಟದ ಹಾಗೆ ನಿಂತಿರ್ತಾರೆ. ಅವರು ಓಡಾಡೋದು ಒಂದೇ ಒಂದು ಇರೋದು. ನಿನ್ನ ಕೋಟು ಹರಿದಾಗ ಓಡಿ ಬಂದು ತಮ್ಮ ಕೋಟು ಬಿಚ್ಚಿ ನಿನ್ನ ಬೆನ್ನಿಗೆ ಹೊದಿಸ್ತಾರಲ್ಲ. ಅದನ್ನ ಹಾಕು. ಅಲ್ಲಿಂದ ಇಲ್ಲೀವರೆಗೂ ದಾರೀಲಿ ನಿನ್ನದೂ ಅವರದ್ದೂ ಎರಡೂ ಮುಖ ಒಂದೇ ಆಗಿ ಕಣ್ಣಿಗೆ ಬರ್ತಿತ್ತು."

ದರ್ಜಿಗೆ ಅದು ನೆನಪೇ ಇರಲಿಲ್ಲ. ಟರ್ರ್ ಎಂದ ತಕ್ಷಣ ಅವನು ಪ್ರತಿ ಸಲವೂ ನೆಲ ನೋಡುತ್ತಿದ್ದ. ಅದರ ಮುಂದೆ ಏನಿದೆ ಎಂದು ಅವನು ಒಂದು ಸಲವೂ ನೋಡಿರಲಿಲ್ಲ. ಹರಿದದ್ದರ ಆಚೆಗೆ ಒಬ್ಬ ಮನುಷ್ಯ ಓಡಿ ಬರುತ್ತಿದ್ದ.

ಅಳಿಯ ಹುಡುಕಿದರು. ಮದುವೆಯ ಸಾಲಿನಲ್ಲಿ ಇಲ್ಲ. ಹಿಂದೆ ಮುಂದೆ ಇಲ್ಲ. ಡಬ್ಬಿಯ ಕಸದ ಬುಟ್ಟಿಯನ್ನು ಜಾಗ ಉಳಿಯಲೆಂದು ತಾವೇ ತೆಗೆದುಹಾಕಿದ್ದರು. ಮೇಲೆ ನೋಡಿದರು, ಮೇಲೂ ಇಲ್ಲ. ಡಬ್ಬಿ ಕಟಕ್ ಎಂದಿತು. "ಡಿಸ್ಕೇ ತಿಂದಿದೆ," ಎಂದರು ತಲೆ ಕೆರೆಯುತ್ತ. "ಮೇಲಕ್ಕೆ ಹೋಗೋಕೆ ಮುಂಚೆನೇ ತಿಂದುಬಿಟ್ಟಿದೆ."

"ಹೋಗಲಿ ಬಿಡು," ಎಂದರು ಬೀಗಿತ್ತಿ. ಆಮೇಲೆ ಯಾರನ್ನೂ ನೋಡದೆ ಹೇಳಿದರು, "ಒಂದು ಕಾಲಕ್ಕೆ ನಾನೇ ಅದನ್ನ ಅಳಿಸಿಬಿಡು ಅಂತ ಹೇಳಬೇಕು ಅಂತಿದ್ದೆ. ಕೋಟಿನ ಒಳಗೆ ಯಾರು ನೋಡ್ತಾರೆ ಅಂತ ಆ ದಿನ ಅವರ ಶರ್ಟಿಗೆ ಕಾಲರು, ಮುಂದಿನ ಪಟ್ಟಿ, ಅಷ್ಟಕ್ಕೇ ಇಸ್ತ್ರಿ ಹಾಕಿದ್ದೆ. ಅವರು ಕೋಟು ಬಿಚ್ಚಿದ್ರೆ ಬೆನ್ನೆಲ್ಲ ಮುದುರಿದ ಕಾಗದ. ಟಿವೀಲಿ ಹಾಕಿ ನೀವೆಲ್ಲ ನಗ್ತಿದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಲಿ? ಅವತ್ತಿನಿಂದ ದಿಂಬಿನ ಚೀಲಕ್ಕೂ ಎರಡು ಕಡೆ ಇಸ್ತ್ರಿ ಹಾಕ್ತೀನಿ."

"ಅಮ್ಮಾ, ನಾವು ನಗ್ತಿದ್ದದ್ದು ಕೋಟಿಗೆ."

"ಕೋಟಿಗಾ?" ಬೀಗಿತ್ತಿ ನಿಜವಾಗಿಯೂ ಆಶ್ಚರ್ಯಪಟ್ಟರು.

ಸುಮ್ಮನಿದ್ದರೆ ಆಗುತ್ತಿತ್ತು. ತಪ್ಪನ್ನು ಹೊರಲು ಡಿಸ್ಕು ಸಿದ್ಧವಾಗಿ ಕೂತಿತ್ತು, ಸಾಯುತ್ತಿರುವುದಕ್ಕೆ ಮಾನಾಪಮಾನ ಏನು? ಇನ್ನು ಕೆಲವೇ ವಾರ, ನೆಗಡಿಯ ಹುಡುಗಿಯ ಕಸದ ಬುಟ್ಟಿಯೂ ಖಾಲಿಯಾಗುತ್ತದೆ. ದರ್ಜಿ ಬೀಗಿತ್ತಿಯ ಕಾಲು ನೋಡಿದ, ಜೋಡಿಯಲ್ಲದ ಎರಡು ಚಪ್ಪಲಿ. "ಡಿಸ್ಕು ತಿನ್ನಲಿಲ್ಲ. ನಾನು ಅಳಿಸಿದೆ," ಎಂದ.

ಯಾರೂ ನಂಬಲಿಲ್ಲ. "ಸುಮ್ನಿರಿ ಮಾವ, ನೀವ್ಯಾಕೆ ಮೈಮೇಲೆ ಹಾಕ್ಕೋತೀರಿ," ಎಂದರು ಅಳಿಯ. "ಟಿವಿ ಸದ್ದು ಕಮ್ಮಿ ಮಾಡೋಕೆ ಗೋಡೇಲಿರೋ ಸ್ವಿಚ್ಚು ಆರಿಸೋ ಮನುಷ್ಯ ಇವರು," ಎಂದಳು ಹೆಂಡತಿ. "ಫೋನಲ್ಲಿ ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಬೀಗರೇ, ಹೋಗಲಿ," ಎಂದು ಬೀಗಿತ್ತಿ ಸಮಾಧಾನ ಮಾಡತೊಡಗಿದರು. ಅವನು ಮತ್ತೆ ಹೇಳಿದ,‌ ಅವರು ಮತ್ತೆ ಕ್ಷಮಿಸಿದರು. ಮಾಡಿದ ತಪ್ಪು ಅವನ ಯೋಗ್ಯತೆಗೆ ಮೀರಿದ್ದು ಎಂದು ಮನೆಮಂದಿಯೆಲ್ಲ ಒಪ್ಪಿಬಿಟ್ಟಿದ್ದರು. ಕೋಟು ಹೊಲಿಯಲು ಬರುವುದಿಲ್ಲ ಎಂದು ನಗುತ್ತಿದ್ದವರು ಈಗ ಅಳಿಸಲೂ ಬರುವುದಿಲ್ಲ ಎನ್ನುತ್ತಿದ್ದಾರೆ. ದರ್ಜಿಗೆ ಎಲ್ಲಿಂದಲೋ ಸಿಟ್ಟು ಬಂತು. ಅಳಿಯನ ಕೈಯಿಂದ ರಿಮೋಟು ಕಸಿದುಕೊಂಡ, ಸಾಲಿನಲ್ಲಿ ಕೈಗೆ ಸಿಕ್ಕಿದ್ದರ ಮೇಲೆ ನಿಂತು ಗುಂಡಿಯನ್ನು ಒತ್ತಿ ಹಿಡಿದ. 'ಅಳಿಸಲೇ?' ಎಂದಿತು ಟಿವಿ. ಮೊಮ್ಮಗಳ ಕೆಂಪು ಮುಖ.

"ಹೀಗೆ," ಎಂದ. "ಹೀಗೆ ಒತ್ತಿದೆ. ಆಮೇಲೆ ಹೌದು ಅಂತ..."

ಮೂವರು ಒಟ್ಟಿಗೆ ಅವನ ಮೇಲೆ ಬಿದ್ದರು. ರಿಮೋಟು ಮಗಳ ಕೈಗೆ ಹೋಯಿತು. ಈಗ ಎಲ್ಲರೂ ನಂಬಿದರು. ಮಗಳು ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಅದು ಸುಮ್ಮನೆ ನಿಂತಿತ್ತು. "ಯಾಕಪ್ಪಾ?" ಎಂದಳು. ಅವನಿಗೆ ಹೇಳಲು ಒಂದು ಇಡೀ ಮಾತು ಇತ್ತು, ಟೇಪು, ಉಸಿರು, ಹೊಟ್ಟೆ, ಛತ್ರ. "ಹೊಲಿಗೆ ಸರಿ ಬಂದಿರಲಿಲ್ಲ," ಎಂದಷ್ಟೇ ಹೇಳಿದ. ಆಮೇಲೆ ಅಳಿಯನಿಗೆ, "ಕಂಪನಿಯವರ ಕಸದ ಬುಟ್ಟೀಲಿ ಒಂದು ತಿಂಗಳು ಇರುತ್ತಂತೆ. ಕೇಳಿದ್ರೆ ಕೊಡ್ತಾರಂತೆ. ಆ ಹುಡುಗಿ ಹೇಳಿದ್ಲು," ಎಂದ. ಯಾವ ಹುಡುಗಿ ಎಂದು ಹೆಂಡತಿ ಕೇಳಿದಳು, ಆದರೆ ಆಗ ಅದಕ್ಕೆ ಯಾರೂ ಗಮನ ಕೊಡಲಿಲ್ಲ.

ಬುಟ್ಟಿಯಲ್ಲಿ ಇತ್ತು. ಬೀಗಿತ್ತಿ ನೆಲದ ಮೇಲೆ, ಟಿವಿಗೆ ಬಹಳ ಹತ್ತಿರ ಕೂತರು. ಮದುಮಗ ಬಂದರು, ಪೆನ್ನು ಬಿತ್ತು. ದರ್ಜಿ ಈ ಸಲ ನೆಲ ನೋಡಲಿಲ್ಲ. ಪರದೆಯ ಮೇಲೆ ಮದುಮಗನ ಕೋಟಿನ ಗುಂಡಿಗಳು ಅಲುಗಾಡದೆ ನಿಂತಿದ್ದವು, ಉಸಿರು ಒಳಗಿತ್ತು. ಅವನು ಓರೆಗಣ್ಣಿನಲ್ಲಿ ಸೋಫಾದ ಮೇಲಿದ್ದ ಅಳಿಯನನ್ನು ನೋಡಿದ, ಅಲ್ಲೂ ಹೊಟ್ಟೆ ತನ್ನಿಂದ ತಾನೇ ಒಳಗೆ ಹೋಗಿತ್ತು. ಟರ್ರ್. ಎಡಗಡೆಯಿಂದ ದೊಡ್ಡ ಬೀಗರು ಓಡಿ ಬಂದರು, ಓಡುತ್ತಲೇ ಒಂದು ತೋಳು ಬಿಚ್ಚುತ್ತ, ಇನ್ನೊಂದು ತೋಳು ಸಿಕ್ಕಿಹಾಕಿಕೊಂಡು ಒಂದು ಸುತ್ತು ಸುತ್ತಿ, ಕೊನೆಗೆ ಕೋಟನ್ನು ಮಗನ ಬೆನ್ನಿಗೆ ಹಾಕಿ ಅವನ ಭುಜದ ಮೇಲೆ ಎರಡೂ ಕೈ ಒತ್ತಿ ನಿಂತರು. ಬೆನ್ನು ಮುದುರಿದ ಕಾಗದವೇ ಸರಿ. ಬೀಗಿತ್ತಿ ಕೈ ಚಾಚಿ ಆ ಸುಕ್ಕುಗಳ ಮೇಲೆ, ಗಾಜಿನ ಮೇಲೆ, ಅಂಗೈಯಿಂದ ಒಂದು ಸಲ ಸವರಿದರು. "ಇನ್ನೊಂದ್ಸಲ," ಎಂದರು. ಇನ್ನೊಂದು ಸಲ ಹಾಕಿದರು. ಆಗ ದರ್ಜಿ ತನ್ನನ್ನು ಹುಡುಕಿದ. ಬಲಗಡೆ ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು ಎಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ. ಕಂಬ ಇತ್ತು. ಅದರ ಪಕ್ಕ ಒಂದು ಮೊಣಕೈ ಕಾಣುತ್ತಿತ್ತು, ಅದೂ ಯಾರದೋ ಹೇಳಲು ಬರುವುದಿಲ್ಲ. ಅಷ್ಟು ಜನರಲ್ಲಿ ಒಬ್ಬರ ಕಣ್ಣೂ ಆ ಕಡೆ ಇರಲಿಲ್ಲ. ನೆಮ್ಮದಿಯಾಗಬೇಕೋ ಅವಮಾನವಾಗಬೇಕೋ ತಿಳಿಯದೆ ಅವನು ಮೂರನೆಯ ಸಲ ಹಾಕುವುದನ್ನು ಕಾಯುತ್ತ ಕೂತ.

ರಾತ್ರಿ ಊಟಕ್ಕೆ ಕೂತಾಗ ಅಳಿಯ ಈ ಕನ್ನಡಿಯ ಸಹವಾಸ ಸಾಕು, ಬದಲಾಯಿಸೋಣ ಎಂದರು. ಮಗಳು ಬೀಗದ ಮಾತೆತ್ತಲಿಲ್ಲ. "ದೊಡ್ಡವರು, ನೀವೇ ಹೇಳಿ ಮಾವ," ಎಂದರು ಅಳಿಯ; ಈ ಸಲ ಎಲ್ಲರೂ ತುತ್ತು ಕೈಯಲ್ಲಿ ಹಿಡಿದು ನಿಜವಾಗಿಯೂ ಕಾದರು. ದರ್ಜಿ "ಮರೆಯದ್ದು," ಎಂದ. ಹೇಳಿ, ದೊಡ್ಡ ಬೀಗರ ಜೊತೆಗೆ ಟರ್ರ್ ಕೂಡ ಇನ್ನು ಯಾವತ್ತೂ ಅಲ್ಲಿ ಉಳಿಯುತ್ತದಲ್ಲ ಎಂದುಕೊಂಡು ತುತ್ತು ಬಾಯಿಗಿಟ್ಟ.

ಹೊಸ ಕಂಪನಿಗೆ ಮತ್ತೆ ಮೊದಲಿನಿಂದ ಎಲ್ಲರೂ ಹೋಗಬೇಕಾಯಿತು. ಗಂಡ ಪೂರ್ತಿ ಹೋಗುವವರೆಗೆ ತಾನು ಹೊರಡುವುದಿಲ್ಲ ಎಂದು ಬೀಗಿತ್ತಿ ಕೂತರು. ಹಸಿರು ಗೆರೆಯ ಮುಂದೆ ಕುರ್ಚಿ ಹಾಕಿಕೊಂಡು ಮನೆಯಲ್ಲಿದ್ದ ಬಟ್ಟೆಗೆಲ್ಲ ಇಸ್ತ್ರಿ ಹಾಕಿದರು, ದರ್ಜಿಯ ಬನಿಯನ್ನನ್ನೂ ಬಿಡಲಿಲ್ಲ, ಎರಡು ಕಡೆ. ದರ್ಜಿ ಪಕ್ಕದಲ್ಲಿ ಕೂತು ಬಿಚ್ಚಿಹೋದ ಗುಂಡಿಗಳನ್ನು ಹಾಕಿಕೊಟ್ಟ. ಮಾತು ಹೆಚ್ಚಿರಲಿಲ್ಲ. ಅಡುಗೆಮನೆಯಿಂದ ಹೆಂಡತಿ ಆಗಾಗ "ಎಲ್ಲಿಗೆ ಬಂದ್ರು?" ಎನ್ನುವಳು, "ಒಂದು ತೋಳು ಹೋಗಿದೆ," ಎಂದು ಇವರು ಹೇಳುವರು. ದೊಡ್ಡ ಬೀಗರು ಮಂಗಳವಾರ ಮಧ್ಯಾಹ್ನ ಪೂರ್ತಿ ಮೇಲಕ್ಕೆ ಹೋದರು. ಬೀಗಿತ್ತಿ ಬುಧವಾರ ಬೆಳಗಿನ ಬಸ್ಸಿಗೆ ಹೊರಟರು.